ಕಂಬಸಾಲಿನಿಂದ ಅಡ್ಡಸಾಲಿಗೆ: ಜಪಾನಿನ ಕೋಷ್ಟಕಗಳಲ್ಲಿ ಖಾಲಿ ಮನೆಯ ಚರಿತ್ರೆ



ಕಳೆದ ಯುಗಾದಿಯ ಸಹಭೋಜನಕ್ಕೆ ಬರುವ ಮಕ್ಕಳ ಪಟ್ಟಿಯನ್ನು ಸಿದ್ಧಪಡಿಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಹೆಸರುಗಳು ಸ್ಪ್ರೆಡ್‌ಶೀಟಿನಲ್ಲಿ ಒಂದರ ಕೆಳಗೊಂದು ಕಂಬಸಾಲಿನಲ್ಲಿದ್ದವು. ಬಡಿಸುವವರ ಮೇಜಿನ ಮೇಲೆ ಅಂಟಿಸುವ ಉದ್ದನೆಯ ಕಾಗದಕ್ಕಾಗಿ ಅವು ಅಡ್ಡಸಾಲಿನಲ್ಲಿ, ಎರಡು ಹೆಸರುಗಳ ನಡುವೆ ಒಂದೊಂದು ಮನೆ ಖಾಲಿ ಬಿಟ್ಟು, ಬೇಕಾಗಿದ್ದವು. ಆಯಾ ಮಗುವಿಗೆ ಒಗ್ಗದ ಆಹಾರವೇನಾದರೂ ಇದ್ದರೆ ಹೆಸರಿನ ಬಲಕ್ಕಿರುವ ಖಾಲಿ ಮನೆಯಲ್ಲಿ ಬರೆಯುವುದೆಂದು ನಿಶ್ಚಯವಾಗಿತ್ತು. ಸಾಲನ್ನು ತಿರುಗಿಸಿದೆ, ಅಂತರ ಬಿಟ್ಟೆ, ಟಿಪ್ಪಣಿಗಳನ್ನು ತುಂಬಿದೆ. ಕೊನೆಯ ಗಳಿಗೆಯಲ್ಲಿ ಒಂದು ಕುಟುಂಬ ಬರಲಾಗುವುದಿಲ್ಲವೆಂದು ತಿಳಿಸಿತು. ಆ ಮಗುವಿನ ಹೆಸರನ್ನೂ ಅದರ ಪಕ್ಕದ ಮನೆಯನ್ನೂ ಅಳಿಸಿದೆ. ಆದರೆ ಬಲಪಕ್ಕದ ಮನೆಯ ಬದಲು ಎಡಪಕ್ಕದ ಮನೆಯನ್ನು ಅಳಿಸಿಬಿಟ್ಟಿದ್ದೆ. ಸಾಲು ನೋಡಲು ಮೊದಲಿನಷ್ಟೇ ಅಚ್ಚುಕಟ್ಟಾಗಿತ್ತು: ಒಂದು ಹೆಸರು, ಒಂದು ಮನೆ, ಮತ್ತೊಂದು ಹೆಸರು. ಊಟಕ್ಕೆ ಮುನ್ನ ಒಬ್ಬ ತಾಯಿ ಆ ಕಾಗದವನ್ನು ನೋಡಿ, "ನಮ್ಮ ಹುಡುಗನ ಪಕ್ಕ ಕಡಲೆಕಾಯಿ ಅಂತ ಬರೆದೇ ಇಲ್ಲವಲ್ಲ" ಎಂದರು. ಚಿತ್ರಾನ್ನದ ತುಂಬ ಕಡಲೆಕಾಯಿ ಬೀಜವಿತ್ತು. ಅವರು ನೋಡಿದ್ದರಿಂದ ಅನಾಹುತ ತಪ್ಪಿತು.

ಅಂದಿನಿಂದ ಈ ಪುಟ್ಟ ಕೆಲಸದ ಬಗೆಗೆ ನನಗೆ ಗೌರವ ಹುಟ್ಟಿತು. ಕಂಬಸಾಲನ್ನು ಅಡ್ಡಸಾಲಾಗಿ ಮಾಡುವುದು, ನಡುವೆ ಅಂತರ ಬಿಡುವುದು, ಅಂತರವನ್ನು ಯಾರಿಗಾಗಿ ಕಾಯ್ದಿರಿಸಬೇಕೆಂದು ನಿರ್ಧರಿಸುವುದು, ಇವು ನಾವು ವಾಸವಾಗಿರುವ ಈ ದೇಶದಲ್ಲಿ ಸಾವಿರ ವರ್ಷಗಳಿಂದ ನಡೆದುಬಂದಿರುವ ವ್ಯವಹಾರಗಳು. ಅದರ ಆರಂಭದಲ್ಲಿ ನಮ್ಮ ವರ್ಣಮಾಲೆಯ ಪಾಲೂ ಉಂಟು.

ಐವತ್ತು ಮನೆಗಳ ಪಟ್ಟಿ

ಜಪಾನಿನ ಶಾಲೆಗೆ ಸೇರಿದ ನಮ್ಮ ಮಕ್ಕಳು ಮೊದಲ ತರಗತಿಯಲ್ಲೇ ಕಲಿಯುವುದು "ಗೊಜೂಓನ್", ಎಂದರೆ ಐವತ್ತು ಧ್ವನಿಗಳ ಕೋಷ್ಟಕ. ಅ, ಇ, ಉ, ಎ, ಒ ಎಂಬ ಐದು ಸ್ವರಗಳು ಬಲತುದಿಯಲ್ಲಿ ಮೇಲಿನಿಂದ ಕೆಳಕ್ಕೆ ನಿಲ್ಲುತ್ತವೆ. ಅವುಗಳ ಎಡಕ್ಕೆ ಕ, ಸ, ತ, ನ, ಹ, ಮ, ಯ, ರ, ವ ಎಂಬ ಕ್ರಮದಲ್ಲಿ ಒಂದೊಂದು ಕಂಬ. ಕನ್ನಡಿಗರಿಗೆ ಈ ಕ್ರಮ ಒಡನೆಯೇ ಪರಿಚಿತವೆನಿಸುತ್ತದೆ. ಬೌದ್ಧ ಗ್ರಂಥಗಳ ಅಧ್ಯಯನಕ್ಕಾಗಿ ಸಂಸ್ಕೃತವನ್ನೂ ಸಿದ್ಧಂ ಲಿಪಿಯನ್ನೂ ಕಲಿತ ಜಪಾನೀ ಭಿಕ್ಷುಗಳು ಭಾರತೀಯ ವರ್ಣಮಾಲೆಯ ಕ್ರಮವನ್ನು ತಮ್ಮ ನುಡಿಗೆ ಹೊಂದಿಸಿಕೊಂಡದ್ದರ ಫಲವಿದು. ಇಂತಹ ಪಟ್ಟಿಯ ಅತಿ ಹಳೆಯ ರೂಪ 11ನೇ ಶತಮಾನದ ಆರಂಭದ ಬರಹದಲ್ಲಿ ದೊರೆಯುತ್ತದೆ. ಅದೇ ಶತಮಾನದ ಕೊನೆಯಲ್ಲಿ ಮ್ಯೋಕಾಕು ಎಂಬ ತೆಂದಾಯ್ ಪಂಥದ ವಿದ್ವಾಂಸ ಭಿಕ್ಷು ಈ ಕ್ರಮವನ್ನು ಕುರಿತು ಬರೆದನು.

ಕ ಆದ ಮೇಲೆ ಚ ಬರಬೇಕಾದಲ್ಲಿ ಸ ಇದೆ. ಪ ಬರಬೇಕಾದಲ್ಲಿ ಹ ಇದೆ. ಈ ಎರಡನೆಯದರ ಕಾರಣ ನಮಗೆ ಹೃದ್ಯವಾದುದು. ಹಳೆಯ ಜಪಾನೀ ಭಾಷೆಯಲ್ಲಿ ಇಂದಿನ ಹಕಾರದ ಜಾಗದಲ್ಲಿದ್ದುದು ಪಕಾರವೇ. ಹಳಗನ್ನಡದ 'ಪಾಲು' ಹೊಸಗನ್ನಡದಲ್ಲಿ 'ಹಾಲು' ಆದಂತೆಯೇ ಅಲ್ಲಿಯೂ ಪಕಾರ ಸವೆದು ಹಕಾರವಾಯಿತು. ಧ್ವನಿ ಬದಲಾದರೂ ಅದು ಕುಳಿತ ಮನೆ ಬದಲಾಗಲಿಲ್ಲ. ಆದ್ದರಿಂದಲೇ ಇಂದಿಗೂ ಆ ಕಂಬ ಮಕಾರದ ಪಕ್ಕದಲ್ಲಿ, ಪವರ್ಗದ ಜಾಗದಲ್ಲಿಯೇ ಉಳಿದಿದೆ.

ಐವತ್ತು ಧ್ವನಿಗಳೆಂಬ ಹೆಸರಿದ್ದರೂ ಇಂದು ಎಲ್ಲ ಮನೆಗಳೂ ತುಂಬಿಲ್ಲ. ಯಕಾರದ ಕಂಬದಲ್ಲಿ ಎರಡು ಮನೆಗಳು ಖಾಲಿ. ವಕಾರದ ಕಂಬದಲ್ಲಿ ಮೂರು. ಅವುಗಳಲ್ಲಿ 'ವಿ', 'ವೆ' ಎಂಬ ಎರಡು ಅಕ್ಷರಗಳು 1946ರ ಕಾಗುಣಿತ ಸುಧಾರಣೆಯಲ್ಲಿ ನಿತ್ಯಬಳಕೆಯಿಂದ ನಿರ್ಗಮಿಸಿದವು. ಮನೆಯವರು ಹೋದರೂ ಮನೆಯನ್ನು ಕೆಡವಲಿಲ್ಲ. ಆ ಖಾಲಿ ಜಾಗಗಳನ್ನು ತೆಗೆದು ಅಕ್ಷರಗಳನ್ನು ಒತ್ತೊತ್ತಾಗಿ ಸರಿಸಿದ್ದರೆ ಯಾವ ಅಕ್ಷರ ಯಾವ ಸ್ವರದ್ದೆಂದು ತಿಳಿಯುವ ಬಗೆಯೇ ಇರುತ್ತಿರಲಿಲ್ಲ. ನನ್ನ ಯುಗಾದಿಯ ಪಟ್ಟಿಯಲ್ಲಿ ಆದದ್ದೂ ಅದೇ.

ಇಲ್ಲಿ ಇನ್ನೊಂದು ಸೋಜಿಗವಿದೆ. ಈ ಕೋಷ್ಟಕದಲ್ಲಿ ಮೇಲಿನಿಂದ ಕೆಳಕ್ಕಿಳಿಯುವ ಪ್ರತಿ ಕಂಬಕ್ಕೂ ಜಪಾನೀ ಭಾಷೆಯಲ್ಲಿ "ಗ್ಯೋ" ಎಂದು ಹೆಸರು. ಬರಹ ಮೇಲಿನಿಂದ ಕೆಳಕ್ಕೆ ಹರಿಯುತ್ತಿದ್ದುದರಿಂದ 'ಸಾಲು' ಎಂದರೆ ನಿಂತ ಸಾಲೇ ಆಗಿತ್ತು. ಆದರೆ ಇಂದು ಜಪಾನೀ ಎಕ್ಸೆಲ್ ತೆರೆದರೆ "ಗ್ಯೋ" ಎಂದರೆ ಅಡ್ಡಸಾಲು. ಕಂಬಸಾಲಿಗೆ "ರೆತ್ಸು" ಎಂಬ ಬೇರೆ ಪದ. ಸಾವಿರ ವರ್ಷ ನಿಂತಿದ್ದ ಪದ ಮಲಗಿದೆ. ಈ ತಿರುವು ಹೇಗಾಯಿತೆಂಬುದೇ ಮುಂದಿನ ಕಥೆ.

ಕಲ್ಲಂಗಡಿಯಲ್ಲ, ಮರದ ಹಲಗೆ

ಭಾರತದಿಂದ ಹೊರಟ ಸೂತ್ರಗಳು ತಾಳೆಗರಿಯ ಮೇಲೆ ಅಡ್ಡಲಾಗಿ ಬರೆದವು. ಹೋರ್ಯೂಜಿ ದೇಗುಲದ ಭಂಡಾರದಿಂದ ಬಂದು ಈಗ ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ತಾಳೆಗರಿಯ ಹಸ್ತಪ್ರತಿಯಲ್ಲಿ ಸಿದ್ಧಂ ಅಕ್ಷರಗಳು ನಮ್ಮ ಓಲೆಗರಿಗಳಲ್ಲಿರುವಂತೆಯೇ ಎಡದಿಂದ ಬಲಕ್ಕೆ ಸಾಗುತ್ತವೆ. ಅವೇ ಸೂತ್ರಗಳು ಚೀನೀ ಲಿಪಿಗೆ ಬಂದಾಗ ನಿಂತ ಸಾಲುಗಳಾದವು. ಸಿದ್ಧಂ ಅಕ್ಷರಗಳೂ ಜಪಾನಿನಲ್ಲಿ ಎದ್ದು ನಿಂತವು. ಇಲ್ಲಿನ ಸ್ಮಶಾನಗಳಲ್ಲಿ ಸಮಾಧಿಯ ಹಿಂದೆ ನಿಲ್ಲಿಸುವ "ಸೋತೋಬಾ" ಎಂಬ ಉದ್ದನೆಯ ಮರದ ಪಟ್ಟಿಗಳನ್ನು ನೀವು ಕಂಡಿರಬಹುದು. 'ಸ್ತೂಪ' ಎಂಬ ನಮ್ಮ ಪದದ ರೂಪಾಂತರವದು. ಅವುಗಳ ಮೇಲೆ ಬ್ರಾಹ್ಮೀ ಕುಲದ ಅಕ್ಷರಗಳು ಇಂದಿಗೂ ಒಂದರ ಕೆಳಗೊಂದು ನಿಂತಿವೆ.

ಅಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಭಿಕ್ಷುಗಳು ಅಕ್ಷರವನ್ನು ಒಡೆಯಲಿಲ್ಲ. ಅಮಿತಾಭ ಬುದ್ಧನ ಬೀಜಾಕ್ಷರವಾದ 'ಹ್ರೀಃ' ಒತ್ತು, ದೀರ್ಘ, ವಿಸರ್ಗಗಳ ಸಮೇತ ಒಂದೇ ಮನೆಯಲ್ಲಿ ನಿಲ್ಲುತ್ತದೆ. ಅದರ ಉಚ್ಚಾರವನ್ನು ಜಪಾನೀ ಕಾತಾಕಾನಾದಲ್ಲಿ ಬರೆದರೆ 'ಕಿರೀಕು' ಎಂದಾಗಿ, ದೀರ್ಘದ ಗೆರೆಯೂ ಸೇರಿ ನಾಲ್ಕು ಮನೆ ಬೇಕಾಗುತ್ತದೆ. ಈ ಲೆಕ್ಕವನ್ನು ನೆನಪಿನಲ್ಲಿಟ್ಟಿರಿ; ನಮ್ಮ ಹೆಸರುಗಳ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

17ನೇ ಶತಮಾನದಲ್ಲಿ ತೆತ್ಸುಗೆನ್ ಎಂಬ ಓಬಾಕು ಪಂಥದ ಭಿಕ್ಷು ಸಮಗ್ರ ಬೌದ್ಧ ಗ್ರಂಥರಾಶಿಯನ್ನು ಮರದ ಹಲಗೆಗಳಲ್ಲಿ ಕೆತ್ತಿಸಿದನು. ಸುಮಾರು 60,000 ಹಲಗೆಗಳು ಕ್ಯೋತೋ ಸಮೀಪದ ಉಜಿಯಲ್ಲಿ, ಮಾನ್‌ಪುಕುಜಿ ದೇಗುಲದ ಆವರಣದಲ್ಲಿ ಇಂದಿಗೂ ಇವೆ. ಸಾಲಿಗೆ 20 ಅಕ್ಷರ, ಪುಟಕ್ಕೆ 10 ಸಾಲು, ಹಲಗೆಗೆ ಎರಡು ಪುಟ: ಒಟ್ಟು 400 ಅಕ್ಷರ. ಮುಂದೆ ಹಾನಾವಾ ಹೋಕಿಇಚಿ (1746–1821) ಎಂಬ ವಿದ್ವಾಂಸನೂ ಇದೇ ಅಳತೆಯನ್ನು ಅನುಸರಿಸಿದನು. ಏಳನೆಯ ವಯಸ್ಸಿನಲ್ಲಿ ಕುರುಡನಾದ ಈತ, ಇತರರು ಓದಿದ್ದನ್ನು ಕೇಳಿ ನೆನಪಿನಲ್ಲಿಟ್ಟುಕೊಂಡು, ಚದುರಿಹೋಗುತ್ತಿದ್ದ ಹಳೆಯ ಕೃತಿಗಳನ್ನು "ಗುನ್‌ಶೋ ರುಇಜೂ" ಎಂಬ ಮಹಾಸಂಗ್ರಹದಲ್ಲಿ ಸೇರಿಸಿ, ನಾಲ್ಕು ದಶಕಗಳ ದುಡಿಮೆಯ ನಂತರ 1819ರಲ್ಲಿ ಪೂರೈಸಿದನು. ಅದರ 17,244 ಹಲಗೆಗಳು ಟೋಕಿಯೋದ ಶಿಬುಯಾದಲ್ಲಿ ಓನ್ಕೋ ಗಾಕ್ಕಾಯ್ ಸಂಸ್ಥೆಯ ರಕ್ಷಣೆಯಲ್ಲಿವೆ. 1937ರಲ್ಲಿ ಹೆಲೆನ್ ಕೆಲ್ಲರ್ ಅಲ್ಲಿಗೆ ಭೇಟಿಯಿತ್ತಿದ್ದರು. ಹೋಕಿಇಚಿಯ ವಿಷಯವನ್ನು ಬಾಲ್ಯದಲ್ಲಿಯೇ ತಾಯಿಯಿಂದ ಕೇಳಿದ್ದ ಅವರಿಗೆ ಅವನು ಆದರ್ಶಪ್ರಾಯನಾಗಿದ್ದನು.

ಇಂದು ಶಾಲೆಗಳಲ್ಲಿ ಪ್ರಬಂಧ ಬರೆಯಲು ಕೊಡುವ "ಗೆನ್ಕೋ ಯೋಶಿ" ಎಂಬ ಚೌಕಳಿ ಕಾಗದಕ್ಕೆ ಈ ಹಲಗೆಗಳೇ ಮೂಲವೆಂದು ಹೇಳುವುದುಂಟು. ಅಲ್ಲಿಯೂ 20ಕ್ಕೆ 20, ಒಟ್ಟು 400 ಮನೆಗಳು. ಆದರೆ ಮನೆಗಳ ಕಂಬಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ಎರಡು ಕಂಬಗಳ ನಡುವೆ ಒಂದು ಕಿರಿದಾದ ಪಟ್ಟಿ ಖಾಲಿಯಾಗಿರುತ್ತದೆ. ಕಠಿಣವಾದ ಕಾಂಜಿಯ ಪಕ್ಕದಲ್ಲಿ ಅದರ ಉಚ್ಚಾರವನ್ನು ಸಣ್ಣ ಅಕ್ಷರಗಳಲ್ಲಿ ಬರೆಯುವುದಕ್ಕೂ ತಿದ್ದುವವರು ತಿದ್ದುಪಡಿ ಗುರುತಿಸುವುದಕ್ಕೂ ಆ ಜಾಗ ಮೀಸಲು. ಅಂತರ ಬಿಟ್ಟ ಸಾಲಿನ ಮೂಲಭಾವ ಇಲ್ಲಿ ಸ್ಪಷ್ಟವಾಗಿದೆ: ಬರೆದವನು ಖಾಲಿ ಬಿಟ್ಟದ್ದು ಮುಂದೆ ಓದಲಿರುವವನಿಗಾಗಿ.

ಸಾಲು ಮಲಗಿದ ಬಗೆ

ಹಳೆಯ ದೇಗುಲಗಳ ಬಾಗಿಲ ಮೇಲಿನ ನಾಮಫಲಕಗಳನ್ನು ಬಲದಿಂದ ಎಡಕ್ಕೆ ಓದಬೇಕು. ಅದು ಅಡ್ಡಬರಹದಂತೆ ಕಂಡರೂ ನಿಜವಾಗಿ ನಿಂತ ಬರಹವೇ. ಫಲಕದ ಎತ್ತರ ಒಂದೇ ಅಕ್ಷರಕ್ಕೆ ಸಾಲುವುದರಿಂದ, ಒಂದೊಂದೇ ಅಕ್ಷರದ ಕಂಬಸಾಲುಗಳು ಬಲದಿಂದ ಎಡಕ್ಕೆ ನಿಂತಿವೆ. ಕಂಬಸಾಲು ಅಡ್ಡಸಾಲಾಗುವ ಪ್ರಥಮ ಹಂತವನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ಎಡದಿಂದ ಬಲಕ್ಕೆ ಸಾಗುವ ಬರಹಕ್ಕೆ ಒತ್ತಡ ಬಂದದ್ದು ಮುಖ್ಯವಾಗಿ ಲೆಕ್ಕದಿಂದ, ವಿಜ್ಞಾನದಿಂದ, ಪರಭಾಷೆಗಳಿಂದ. 1873ರಲ್ಲಿ ಫುಕುಜಾವಾ ಯುಕಿಚಿ ಅಮೆರಿಕದ ಒಂದು ಪಠ್ಯವನ್ನು ಅನುವಾದಿಸಿ "ಚೋಆಯ್ ನೋ ಹೋ" ಎಂಬ ಹೆಸರಿನಲ್ಲಿ ಪಾಶ್ಚಾತ್ಯ ಲೆಕ್ಕಬರಹದ ಪದ್ಧತಿಯನ್ನು ಜಪಾನಿಗೆ ಪರಿಚಯಿಸಿದನು. ಅವನ ಜಾಣ್ಮೆ ಗಮನಾರ್ಹವಾದುದು. ಲೆಕ್ಕದ ಪುಸ್ತಕವನ್ನು ಅಡ್ಡಲಾಗಿ ತಿರುಗಿಸಿದರೆ ವ್ಯಾಪಾರಿಗಳು ಹತ್ತಿರ ಬಾರದೆ ಹೋಗಬಹುದಿತ್ತು. ಆದುದರಿಂದ ನಿಂತ ಬರಹವನ್ನೂ ಕಾಂಜಿ ಅಂಕಿಗಳನ್ನೂ ಉಳಿಸಿಕೊಂಡು, 'ನೂರು', 'ಹತ್ತು' ಎಂಬ ಪದಗಳನ್ನು ಮಾತ್ರ ಕೈಬಿಟ್ಟು, ಸ್ಥಾನಬೆಲೆಯ ಕ್ರಮದಲ್ಲಿ ಅಂಕಿಗಳನ್ನು ಒಂದರ ಕೆಳಗೊಂದು ಇಟ್ಟನು. ಅಂಕಿಯಿಲ್ಲದ ಮನೆಯಲ್ಲಿ ಸೊನ್ನೆಯನ್ನು ಬರೆದನು. ಖಾಲಿ ಮನೆಗೂ ಬೆಲೆಯುಂಟೆಂದು ಜಗತ್ತಿಗೆ ಕಲಿಸಿದ ಭಾರತೀಯ ಸೊನ್ನೆ ಹೀಗೆ ಜಪಾನಿನ ಅಂಗಡಿಯ ಲೆಕ್ಕದ ಪುಸ್ತಕವನ್ನು ನಿಂತ ಸಾಲಿನಲ್ಲಿಯೇ ಪ್ರವೇಶಿಸಿತು.

ಸರ್ಕಾರಿ ಕಾಗದಪತ್ರಗಳು ತಿರುಗಿದ್ದು ಯುದ್ಧಾನಂತರ. 1952ರಲ್ಲಿ ಹೊರಟ ಸರ್ಕಾರಿ ಬರವಣಿಗೆಯ ಮಾರ್ಗಸೂಚಿ, ಸಾಧ್ಯವಾದಷ್ಟು ವ್ಯಾಪಕವಾಗಿ ಎಡದಿಂದ ಬಲಕ್ಕೆ ಬರೆಯುವಂತೆ ತಿಳಿಸಿತು. ನ್ಯಾಯಾಲಯಗಳ ತೀರ್ಪುಗಳು ಅಡ್ಡಬರಹಕ್ಕೆ ಬಂದದ್ದು 2001ರ ಜನವರಿಯಲ್ಲಿ. ದಿನಪತ್ರಿಕೆಗಳೂ ಕಾದಂಬರಿಗಳೂ ಮಕ್ಕಳ ಭಾಷಾ ಪಠ್ಯಗಳೂ ಇಂದಿಗೂ ನಿಂತೇ ಇವೆ. ಹೀಗೆ ಒಂದೇ ನುಡಿ ಎರಡು ದಿಕ್ಕುಗಳಲ್ಲಿ ಬದುಕುತ್ತಿದೆ.

ಎಕ್ಸೆಲ್ ಎಂಬ ಚೌಕಳಿ ಕಾಗದ

1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಅವರ ವಿಸಿಕ್ಯಾಲ್ಕ್, 1983ರಲ್ಲಿ ಲೋಟಸ್ 1-2-3, 1985ರಲ್ಲಿ ಮ್ಯಾಕಿಂಟಾಷ್ ಯಂತ್ರಗಳಿಗೆ ಎಕ್ಸೆಲ್: ಸ್ಪ್ರೆಡ್‌ಶೀಟುಗಳು ಲೆಕ್ಕ ಮಾಡುವುದಕ್ಕೆಂದು ಹುಟ್ಟಿದವು. ಶತಮಾನಗಳಿಂದ ಚೌಕಗಳಲ್ಲಿ ಅಕ್ಷರ ಕೂರಿಸಿ ಪಳಗಿದ್ದ ಜಪಾನಿನ ಕಚೇರಿಗಳು ಅವುಗಳಲ್ಲಿ ಬೇರೊಂದು ಉಪಯೋಗವನ್ನು ಕಂಡವು. ಕಂಬಗಳ ಅಗಲವನ್ನು ಕುಗ್ಗಿಸಿ ಇಡೀ ಹಾಳೆಯನ್ನು ಸಣ್ಣ ಚೌಕಗಳನ್ನಾಗಿ ಮಾಡಿ, ಬೇಕಾದಲ್ಲಿ ಮನೆಗಳನ್ನು ಕೂಡಿಸಿ, ಬೇಕಾದಲ್ಲಿ ಒಂದು ಮನೆಗೆ ಒಂದೇ ಅಕ್ಷರವಿಟ್ಟು ಅರ್ಜಿ ನಮೂನೆಗಳನ್ನು ರಚಿಸಿದರು. ಇದಕ್ಕೆ "ಎಕ್ಸೆಲ್ ಹೋಗನ್‌ಶಿ", ಎಂದರೆ ಎಕ್ಸೆಲ್ ಚೌಕಳಿ ಕಾಗದ, ಎಂದು ಹೆಸರಾಯಿತು.

ಅಚ್ಚು ಹಾಕಿ ಪೆನ್ನಿನಿಂದ ತುಂಬುವವರಿಗೆ ಇದು ಸೊಗಸಾದ ನಮೂನೆ. ಆದರೆ ಅದನ್ನು ಕಂಪ್ಯೂಟರಿನಲ್ಲಿಯೇ ತುಂಬಬೇಕಾದಾಗ, ತುಂಬಿದ್ದನ್ನು ಮತ್ತೆ ಒಟ್ಟುಗೂಡಿಸಬೇಕಾದಾಗ ಸಂಕಟ ಆರಂಭವಾಗುತ್ತದೆ. ಕಂಬಸಾಲಿನಲ್ಲಿರುವ ಮಾಹಿತಿಯನ್ನು ಅಂತರವಿರುವ ಅಡ್ಡಸಾಲಿಗೆ ಹಂಚುವ, ಅಲ್ಲಿಂದ ಮತ್ತೆ ಆಯ್ದು ಕಂಬಸಾಲಿಗೆ ತರುವ ಕೆಲಸದಲ್ಲಿ ಗಂಟೆಗಳು ಕಳೆಯುತ್ತವೆ. ಇಂತಹ ಕಡತಗಳನ್ನು ಜನರು ವ್ಯಂಗ್ಯವಾಗಿ "ಕಾಮಿ ಎಕ್ಸೆಲ್" ಎಂದು ಕರೆದರು. ಜಪಾನೀ ಭಾಷೆಯಲ್ಲಿ 'ಕಾಮಿ' ಎಂದರೆ ದೇವರೂ ಹೌದು, ಕಾಗದವೂ ಹೌದು. 2013ರಲ್ಲಿ ಮಿಎ ವಿಶ್ವವಿದ್ಯಾಲಯದ ಓಕುಮುರಾ ಹಾರುಹಿಕೋ ಈ ಸಮಸ್ಯೆಯನ್ನು ಕುರಿತು ಒಂದು ಪ್ರಬಂಧವನ್ನೇ ಮಂಡಿಸಿದರು. 2016ರಲ್ಲಿ ಸಂಸತ್ ಸದಸ್ಯ ಕೋನೋ ತಾರೋ ಸಂಶೋಧನಾ ಅನುದಾನದ ಅರ್ಜಿಗಳಿಂದ ಇದನ್ನು ತೊಲಗಿಸುವಂತೆ ಒತ್ತಾಯಿಸಿದರು. 2020ರ ಡಿಸೆಂಬರಿನಲ್ಲಿ ಆಂತರಿಕ ವ್ಯವಹಾರಗಳ ಸಚಿವಾಲಯವು ಅಂಕಿಅಂಶಗಳ ಕೋಷ್ಟಕಗಳನ್ನು ಯಂತ್ರವು ಓದಬಲ್ಲಂತೆ ಬರೆಯುವ ಏಕರೂಪದ ನಿಯಮಗಳನ್ನು ಪ್ರಕಟಿಸಿತು: ಒಂದು ಮನೆಯಲ್ಲಿ ಒಂದೇ ಮಾಹಿತಿ ಇರಲಿ, ಮನೆಗಳನ್ನು ಕೂಡಿಸಬೇಡಿ, ಅಂದಕ್ಕಾಗಿ ಖಾಲಿ ಜಾಗವನ್ನೂ ಸಾಲುಮುರಿತವನ್ನೂ ಬಳಸಬೇಡಿ, ಶೀರ್ಷಿಕೆಗಳನ್ನು ಬಿಡಬೇಡಿ.

ಆ ನಿಯಮಗಳು ಅಂಕಿಅಂಶಗಳಿಗೆ ಸಂಬಂಧಿಸಿದವು. ಚೌಕಳಿ ನಮೂನೆಗಳು ಇನ್ನೂ ನಮ್ಮ ಕೈಗೆ ಬರುತ್ತಲೇ ಇವೆ. ಕಾಗದದ ಓದುಗನಿಗೆ ಅಂತರ ಬೇಕು, ಯಂತ್ರದ ಓದುಗನಿಗೆ ಬೇಡ. ಇಬ್ಬರಿಗೂ ಒಂದೇ ಹಾಳೆಯನ್ನು ಬಡಿಸಹೊರಟದ್ದರಿಂದ ಈ ಗೊಂದಲ ಹುಟ್ಟಿತು.

ನಮ್ಮ ಹೆಸರುಗಳಿಗೆ ಎಷ್ಟು ಮನೆ?

ಜಪಾನಿನಲ್ಲಿ ವಾಸಿಸುವ ಕನ್ನಡಿಗನ ಹೆಸರು ಕನಿಷ್ಠ ಮೂರು ವೇಷಗಳನ್ನು ಧರಿಸುತ್ತದೆ: ಕನ್ನಡದಲ್ಲಿ, ರೋಮನ್ ಲಿಪಿಯಲ್ಲಿ, ಕಾತಾಕಾನಾದಲ್ಲಿ. 'ಗಣೇಶ' ಎಂಬ ಹೆಸರನ್ನು ನೋಡಿ. ಕನ್ನಡದಲ್ಲಿ ಮೂರು ಅಕ್ಷರ. ಕಾತಾಕಾನಾದಲ್ಲಿ ದೀರ್ಘದ ಗೆರೆಗೊಂದು, ಸಣ್ಣ ಯಕಾರಕ್ಕೊಂದು ಮನೆ ಬೇಕಾಗಿ ಐದು. 1969ರ ಜಪಾನೀ ಸಂಕೇತ ಮಾನಕದಿಂದ ಬಂದ ಅರ್ಧ ಅಗಲದ ಕಾತಾಕಾನಾದಲ್ಲಿ, ಕಕಾರವನ್ನು ಗಕಾರವಾಗಿಸುವ ಎರಡು ಚುಕ್ಕೆಗೂ ಪ್ರತ್ಯೇಕ ಮನೆ ಬೇಕಾಗಿ ಆರು. ಬ್ಯಾಂಕುಗಳು ಹಣ ವರ್ಗಾಯಿಸುವ ಪ್ರಮಾಣಿತ ಕಡತದಲ್ಲಿ ಖಾತೆದಾರರ ಹೆಸರಿಗೆ ಇರುವುದು 30 ಮನೆಗಳು. ತಂದೆಯ ಹೆಸರು, ಊರ ಹೆಸರು, ಸ್ವಂತ ಹೆಸರು ಮೂರನ್ನೂ ಹೊತ್ತ ನಮ್ಮವರಿಗೆ ಅದು ಸಾಲದೆ ಹೋಗುವುದುಂಟು.

ಕನ್ನಡದಲ್ಲಿಯೇ ಮನೆಗೊಂದು ಅಕ್ಷರ ಹಂಚಹೊರಟರೆ ಬೇರೊಂದು ಕಷ್ಟ. ಸ್ಪ್ರೆಡ್‌ಶೀಟಿನ 'ಮಿಡ್' ಸೂತ್ರ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ನಮ್ಮ ಅಕ್ಷರಗಳನ್ನಲ್ಲ. 'ಕೃಷ್ಣ' ಎಂಬಲ್ಲಿ ನಮಗೆ ಎರಡೇ ಅಕ್ಷರ. ಯಂತ್ರಕ್ಕೆ ಐದು ತುಂಡು. 'ಲಕ್ಷ್ಮಿ' ನಮಗೆ ಎರಡು, ಯಂತ್ರಕ್ಕೆ ಏಳು. ಹಾಗೆ ಹಂಚಿದಾಗ ಒಂದು ಮನೆಯಲ್ಲಿ ಬರಿಯ ಗುಡಿಸು, ಇನ್ನೊಂದರಲ್ಲಿ ಒಂಟಿ ಅರ್ಧಾಕ್ಷರದ ಚಿಹ್ನೆ ಕುಳಿತು ಹೆಸರು ಮುರಿದುಬೀಳುತ್ತದೆ. ಕಳೆದ ರಾಜ್ಯೋತ್ಸವದ ನಾಮಫಲಕಗಳಲ್ಲಿ ಹೀಗಾದುದನ್ನು ಕೆಲವರು ಕಂಡಿರಬಹುದು. 'ಹ್ರೀಃ' ಎಂಬುದನ್ನು ಒಂದೇ ಮನೆಯಲ್ಲಿ ನಿಲ್ಲಿಸಿದ ಭಿಕ್ಷುಗಳ ವಿವೇಕ ಇಲ್ಲಿ ನಮಗೆ ಮಾದರಿ. ಕನ್ನಡ ಹೆಸರುಗಳನ್ನು ಸೂತ್ರದಿಂದ ಒಡೆಯದೆ, ಅಕ್ಷರ ಅಕ್ಷರವಾಗಿ ಕೈಯಿಂದಲೇ ಹಂಚುವುದು ಲೇಸು.

ಸ್ವಯಂಸೇವಕರಿಗೆ ಎರಡು ಮಾತು

ಇನ್ನು ಕೆಲಸದ ವಿಧಾನ. ಹೆಸರುಗಳಿರುವ ಕಂಬಸಾಲಿನ ಪಕ್ಕದಲ್ಲಿ 1, 2, 3 ಎಂದು ಕ್ರಮಸಂಖ್ಯೆ ಬರೆಯಿರಿ. ಅವೇ ಸಂಖ್ಯೆಗಳನ್ನು ಅದರ ಕೆಳಗೆ ಇನ್ನೊಮ್ಮೆ ನಕಲಿಸಿ. ಅಲ್ಲಿ ಹೆಸರಿನ ಜಾಗ ಖಾಲಿಯಿರಲಿ. ಎರಡೂ ಕಂಬಗಳನ್ನು ಒಟ್ಟಿಗೆ ಹಿಡಿದು ಸಂಖ್ಯೆಯ ಏರಿಕೆಯ ಕ್ರಮದಲ್ಲಿ ಜೋಡಿಸಿದರೆ ಪ್ರತಿ ಹೆಸರಿನ ಕೆಳಗೂ ಒಂದು ಖಾಲಿ ಮನೆ ಬಂದಿರುತ್ತದೆ. ಅನಂತರ ಹೆಸರಿನ ಕಂಬವನ್ನು ನಕಲಿಸಿ, ಅಂಟಿಸುವಾಗ 'ಟ್ರಾನ್ಸ್‌ಪೋಸ್' ಎಂಬುದನ್ನು ಆರಿಸಿದರೆ ಅಂತರವಿರುವ ಅಡ್ಡಸಾಲು ಸಿದ್ಧ. ಎರಡು ಮನೆ ಖಾಲಿ ಬೇಕಿದ್ದರೆ ಸಂಖ್ಯೆಗಳನ್ನು ಎರಡು ಬಾರಿ ನಕಲಿಸಬೇಕು.

ಅಡ್ಡಸಾಲಿಗೆ ಮಿತಿಯುಂಟೆಂಬುದೂ ನೆನಪಿರಲಿ. 2007ರ ಆವೃತ್ತಿಗೆ ತುಸು ಹಿಂದಿನ ಎಕ್ಸೆಲ್‌ಗಳಲ್ಲಿ ಒಂದು ಕಂಬದಲ್ಲಿ 65,536 ಮನೆಗಳಿದ್ದರೆ ಒಂದು ಅಡ್ಡಸಾಲಿನಲ್ಲಿ ಇದ್ದುದು 256 ಮಾತ್ರ. ಒಂದೊಂದು ಅಂತರ ಬಿಟ್ಟರೆ 128 ಹೆಸರಿಗೆ ಮುಗಿಯುತ್ತಿತ್ತು. ಈಗ ಕಂಬಕ್ಕೆ 10,48,576, ಅಡ್ಡಸಾಲಿಗೆ 16,384. ಮಾಹಿತಿ ಬೆಳೆಯುವುದು ಕೆಳಮುಖವಾಗಿ ಎಂಬ ಎಣಿಕೆಯಿಂದಲೇ ಈ ಸಾಧನವನ್ನು ಕಟ್ಟಲಾಗಿದೆ.

ಆದ್ದರಿಂದ ಬಳಗದ ಮೂಲ ಪಟ್ಟಿ ಎಂದಿಗೂ ಕಂಬಸಾಲಿನಲ್ಲಿಯೇ ಇರಲಿ: ಒಂದು ಅಡ್ಡಸಾಲಿಗೆ ಒಂದು ಮಗು, ಹೆಸರಿಗೊಂದು ಕಂಬ, ಒಗ್ಗದ ಆಹಾರಕ್ಕೊಂದು ಕಂಬ, ಎರಡಕ್ಕೂ ಶೀರ್ಷಿಕೆ. ಯಾರಾದರೂ ಬರಲಾಗದಿದ್ದರೆ ಅಲ್ಲಿ ಇಡೀ ಸಾಲನ್ನು ತೆಗೆಯಿರಿ. ಅಂತರ ಬಿಟ್ಟ ಹಾಳೆಯನ್ನು ತಿದ್ದದೆ, ಮೂಲದಿಂದ ಹೊಸದಾಗಿ ಮಾಡಿಕೊಳ್ಳಿ. ಅಚ್ಚಾದ ಕಾಗದ ನೋಡುವವರ ಅನುಕೂಲಕ್ಕೆ; ಮೂಲ ಪಟ್ಟಿ ನಿಜಸ್ಥಿತಿಯ ರಕ್ಷಣೆಗೆ.

ಈ ವರ್ಷದ ಯುಗಾದಿಗೂ ಪಟ್ಟಿಯನ್ನು ನಾನೇ ಮಾಡುತ್ತಿದ್ದೇನೆ. ಆಹಾರದ ಟಿಪ್ಪಣಿ ಇಲ್ಲದ ಮಕ್ಕಳ ಪಕ್ಕದ ಮನೆಯನ್ನು ಈ ಬಾರಿ ಖಾಲಿ ಬಿಡುವುದಿಲ್ಲ. 'ಏನೂ ಇಲ್ಲ' ಎಂದು ಸ್ಪಷ್ಟವಾಗಿ ಬರೆಯುತ್ತೇನೆ. ಅಚ್ಚು ಹಾಕುವ ಮುನ್ನ ಆ ತಾಯಿಗೆ ಒಮ್ಮೆ ತೋರಿಸುವುದೆಂದೂ ನಿಶ್ಚಯಿಸಿದ್ದೇನೆ. ನಿಮ್ಮ ಮಕ್ಕಳ ಹೆಸರುಗಳನ್ನು ಕನ್ನಡದಲ್ಲಿಯೂ ಕಾತಾಕಾನಾದಲ್ಲಿಯೂ ನೀವು ಬರೆಯುವ ರೂಪದಲ್ಲಿಯೇ ಕಳುಹಿಸಿಕೊಡಬೇಕೆಂದು ವಿನಂತಿ.